ಅವಳು ಎರಡು ಕೋಣೆಯಲ್ಲಿದ್ದ ದಿನ

ನನ್ನ ಮೊಮ್ಮಗಳ ಹೊಟ್ಟೆಯಿಂದ ಒಂದು ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರು. ತೆಗೆದದ್ದನ್ನು ಬೇರೆ ಕೋಣೆಗೆ ಒಯ್ದು, ಕರಗಿಸಿ, ಸೋಸಿ, ಅದರಲ್ಲಿ ಬದುಕಿರುವುದೆಷ್ಟು ಸತ್ತಿರುವುದೆಷ್ಟು ಎಂದು ನೋಡಿದರು. ಅಷ್ಟು ಹೊತ್ತೂ ಅವಳು ಮೊದಲಿನ ಕೋಣೆಯಲ್ಲಿ ಹೊಟ್ಟೆ ತೆರೆದುಕೊಂಡು ಮಲಗಿದ್ದಳು. ಆಮೇಲೆ ಸೋಸಿದ್ದನ್ನು ತಂದು ಅವಳ ಲಿವರ್‌ಗೆ ಇಳಿಬಿಟ್ಟರು. ನಡೆದದ್ದು ಇಷ್ಟೇ. ಆದರೆ ಅದರಲ್ಲಿ ಕೆಲವು ಸಂಗತಿ ಇವತ್ತಿಗೂ ನನ್ನ ಮನಸ್ಸಿನಲ್ಲಿ ಸರಿಯಾಗಿ ಕೂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದೆವ್ವ ಭೂತ ನಂಬುವವಳಲ್ಲ. ಗಂಡ ಸತ್ತ ಮಾರನೆಯ ದಿನ ಅವನ ಮಂಚದ ಮೇಲೆಯೇ ಮಲಗಿದೆ. ಬೇರೆ ಮಂಚ ಇರಲಿಲ್ಲ.

ನಮ್ಮದು ಶ್ರೀನಿವಾಸಪುರದ ಕಡೆ. ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳ, ಸ್ವಲ್ಪ ರಾಗಿ. ಮನೆಯಲ್ಲಿ ಅರ್ಧ ಮಾತು ತೆಲುಗು, ಅರ್ಧ ಕನ್ನಡ. ನಾನು ಓದಿದ್ದು ಮೂರನೇ ಕ್ಲಾಸು. ಮಗಳನ್ನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಕೊಟ್ಟೆ. ಅಳಿಯ ದೇವರ ಮೂರ್ತಿ ಕೆತ್ತುವವನು, ಮಾತು ಕಡಿಮೆ. ಅವರಿಗೆ ಒಬ್ಬಳೇ ಮಗಳು. ಓದು ಮುಗಿಸಿ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಳು. ನನ್ನನ್ನು ಅವ್ವ ಅನ್ನುತ್ತಾಳೆ. ನಮ್ಮ ಕಡೆ ತಾಯಿಯ ತಾಯಿ ಅವ್ವ.

ಅವಳಿಗೆ ಹೊಟ್ಟೆನೋವು ಚಿಕ್ಕಂದಿನಿಂದ ಬಂದು ಹೋಗುತ್ತಿತ್ತು. ಉಂಡರೆ ನೋವು, ಬೆನ್ನಿನವರೆಗೂ ತಿವಿದ ಹಾಗೆ. ಎಲ್ಲರೂ ಗ್ಯಾಸು ಅಂದರು. ನಾನೂ ಅಂದೆ. ಕೊನೆಗೊಂದು ದಿನ ಕಂಪನಿ ಬಸ್ಸಿನಲ್ಲೇ ಮಡಚಿಕೊಂಡು ಬಿದ್ದಳು. ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಅಂತ ಒಂದಿದೆಯಂತೆ, ಅದರ ತುಂಬಾ ಕಲ್ಲು. ಚಿತ್ರದಲ್ಲಿ ಬೆಳ್ಳಗೆ, ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಕಾಣುತ್ತಿತ್ತು.

ಈ ಸುದ್ದಿ ಕೇಳಿ ಮಗಳ ಪಕ್ಕದ ಮನೆಯವಳು ನನ್ನ ಎದುರಿಗೇ, "ಅಪ್ಪ ಊರ ಕಲ್ಲೆಲ್ಲಾ ಒಡೆದ, ಅದು ಹೋಗಿ ಮಗಳ ಹೊಟ್ಟೆ ಸೇರ್ಕೊಂತು" ಅಂದಳು.

"ನಿನ್ ಗಂಡ ಕೋಳಿ ಕುಯ್ಯೋನು. ನಿನ್ ಹೊಟ್ಟೇಲಿ ಯಾವುದಾದ್ರೂ ಕೂಗ್ತದಾ ನೋಡ್ಕೋ ಹೋಗೇ" ಅಂದೆ.

ಅವಳು ಹೋದಳು. ಆದರೆ ಅಳಿಯ ಒಳಗಿನಿಂದ ಕೇಳಿಸಿಕೊಂಡಿದ್ದ. ಅಂದಿನಿಂದ ಅವನು ಕೆಲಸ ಮುಗಿಸಿ ಬಂದು, ಮೈಮೇಲಿನ ಕಲ್ಲುಪುಡಿಯನ್ನೆಲ್ಲಾ ಬಾಗಿಲಾಚೆಯೇ ತೊಳೆದುಕೊಳ್ಳದೆ ಮಗಳ ಹತ್ತಿರ ಹೋಗುತ್ತಿರಲಿಲ್ಲ.

ಕೋಲಾರದವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ನಿಧಾನಸ್ಥ. ನಾನು ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟರು.

"ನೋವು ಹೋಗಬೇಕಾದ್ರೆ ಗ್ರಂಥಿ ಪೂರ್ತಿ ತೆಗೀಬೇಕು ಅಜ್ಜಿ. ಆದ್ರೆ ಸಕ್ಕರೆ ಹಿಡಿತದಲ್ಲಿಡೋ ಇನ್ಸುಲಿನ್ ಮಾಡೋದೂ ಅದೇ. ಅದನ್ನ ಮಾಡೋ ಕಣಗಳು ಗ್ರಂಥಿಯೊಳಗೆ ಅಲ್ಲಲ್ಲಿ ಗುಂಪು ಗುಂಪಾಗಿ ಇರ್ತವೆ, ನೀರಿನ ಮಧ್ಯೆ ದ್ವೀಪ ಇರೋ ಥರ. ತೆಗೆದ ಗ್ರಂಥಿಯಿಂದ ಅವನ್ನ ಬಿಡಿಸಿ ಅವಳದೇ ಲಿವರ್‌ಗೆ ಬಿಡ್ತೀವಿ. ಅಲ್ಲಿ ನೆಲೆ ನಿಂತ್ರೆ ಅಲ್ಲಿಂದಲೇ ಕೆಲಸ ಮಾಡ್ತವೆ."

"ನಿಲ್ಲದಿದ್ರೆ?"

"ಜೀವನಪೂರ್ತಿ ಸೂಜಿ. ಅದೂ ಊರಲ್ಲಿ ನೀವು ನೋಡಿರೋ ಸಕ್ಕರೆ ಕಾಯಿಲೆ ಥರ ಅಲ್ಲ. ಸ್ವಂತದ್ದು ಒಂದು ತೊಟ್ಟೂ ಇರಲ್ಲ. ಸಕ್ಕರೆ ಯಾವಾಗ ಏರುತ್ತೋ ಯಾವಾಗ ಪಾತಾಳಕ್ಕಿಳಿಯುತ್ತೋ ಹೇಳೋಕಾಗಲ್ಲ. ಮಲಗಿದವರು ಏಳದೇ ಹೋದದ್ದೂ ಇದೆ."

"ಕಣ ಚೆನ್ನಾಗಿದಾವೋ ಇಲ್ವೋ ಮೊದಲೇ ನೋಡ್ಕೊಳ್ರಿ ಮತ್ತೆ."

"ತೆಗೆದ ಮೇಲೇ ಗೊತ್ತಾಗೋದು ಅಜ್ಜಿ."

"ತೆಗೆದು ನೋಡಿ ಕೆಟ್ಟಿದಾವೆ ಅಂದ್ರೆ?"

"ಗ್ರಂಥೀನ ವಾಪಸ್ ಇಡೋಕೆ ಬರಲ್ಲ."

ಈ ಮಾತು ಕೇಳಿದಾಗ ನನಗೆ ಹಳೆಯ ಒರಳೊಂದು ನೆನಪಾಯಿತು. ಕಾರಣ ಇದೆ. ಮದುವೆಯಾದ ಮೇಲೆ ಎಷ್ಟೋ ವರ್ಷ ನಾನು ಮುಳಬಾಗಿಲಿನ ಕಡೆ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೂಲಿ ಮಾಡುತ್ತಿದ್ದೆ. ರೈತರಿಗೆ ಕೊಡುವ ಹುಳದ ಮೊಟ್ಟೆ ತಯಾರಾಗುವ ಜಾಗ ಅದು. ತಾಯಿಚಿಟ್ಟೆ ಹಾಳೆಯ ಮೇಲೆ ಮೊಟ್ಟೆಯಿಟ್ಟ ಮೇಲೆ ಅದನ್ನು ಎತ್ತಿ ಪುಟ್ಟ ಒರಳಿಗೆ ಹಾಕಿ, ಒಂದು ತೊಟ್ಟು ನೀರು ಬಿಟ್ಟು, ಅರೆಯಬೇಕು. ಅರೆಯುವುದು ನನ್ನ ಕೆಲಸ. ಆ ರಸವನ್ನು ಗಾಜಿನ ಮೇಲಿಟ್ಟು ಭೂತಗನ್ನಡಿಯಂಥದರಲ್ಲಿ ನೋಡುವುದು ಕೋಠಿಯ ಮೇಷ್ಟ್ರ ಕೆಲಸ. ತಾಯಿಯ ಮೈಯಲ್ಲಿ ಗಂಟುರೋಗದ ಒಂದೇ ಒಂದು ಚುಕ್ಕೆ ಕಂಡರೂ ಅದರ ಮೊಟ್ಟೆಯಷ್ಟನ್ನೂ ಸುಡುತ್ತಿದ್ದರು. ಸ್ವಲ್ಪ ಚೆನ್ನಾಗಿವೆ, ಸ್ವಲ್ಪ ಇಲ್ಲ ಅನ್ನುವ ಮಾತೇ ಇರಲಿಲ್ಲ. ಬೆಳಗಿನ ಹೊತ್ತು ಆ ಕೋಣೆಯ ತುಂಬಾ ಚಿಟ್ಟೆಗಳ ರೆಕ್ಕೆ ಬಡಿತ. ರೆಕ್ಕೆಯ ಪುಡಿ ರೆಪ್ಪೆಗೆ ಅಂಟುತ್ತಿತ್ತು. ನಾನು ಒರಳಿನ ಮುಂದೆ ಕೂತೊಡನೆ ಬಡಿತ ನಿಲ್ಲುತ್ತದೆ ಎಂದು ಜೊತೆಯ ಹೆಂಗಸರು ಹೇಳುತ್ತಿದ್ದರು. ನಾನು ಬೈಯುತ್ತಿದ್ದೆ. ನಿಲ್ಲುತ್ತಿದ್ದದ್ದು ನಿಜ.

ಆಪರೇಷನ್ ದಿನ ಬೆಳಿಗ್ಗೆಯೇ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು, ಮಗಳು, ಅಳಿಯ ಹೊರಗೆ ಬೆಂಚಿನ ಮೇಲೆ ಕೂತೆವು. ಮಗಳು ಕುರುಡುಮಲೆ ಗಣಪನಿಗೆ ಹರಕೆ ಹೊತ್ತುಕೊಂಡು ಬಾಯಲ್ಲೇ ಏನೋ ಅನ್ನುತ್ತಿದ್ದಳು. ಬಿಸಿಲೇರಿದ ಮೇಲೆ ಬಾಗಿಲು ತೆರೆದು, ಹಸಿರು ಬಟ್ಟೆಯವನೊಬ್ಬ ಒಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮುಂದೆಯೇ ಹಾದುಹೋದ. ಐಸ್ ಕ್ಯಾಂಡಿ ಮಾರುವವರ ಹತ್ತಿರ ಇರುತ್ತದಲ್ಲ, ಅಂಥ ಡಬ್ಬಿ. ಓಡಲಿಲ್ಲ, ಆದರೆ ಬೇಗ ನಡೆದ.

ಅಳಿಯ ಎದ್ದು ನಿಂತ. ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೆಣ ಹೋಗುವಾಗ ನಿಲ್ಲುತ್ತೇವಲ್ಲ, ಹಾಗೆ.

"ಯಾಕಪ್ಪಾ ನಿಂತೆ?" ಅಂದೆ.

"ಗೊತ್ತಿಲ್ಲ ಅತ್ತೆ" ಅಂದ. ಕೂರಲಿಲ್ಲ.

"ಏನದು? ಏನದು ಅಮ್ಮಾ?" ಅಂದಳು ಮಗಳು. ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಕೂತು ಕೂತು ಸೊಂಟ ಹಿಡಿದುಕೊಂಡಿತು. ಎದ್ದು ಆ ಡಬ್ಬಿ ಹೋದ ಕಡೆಗೇ ನಡೆದೆ. ಓಣಿಯ ಕೊನೆಯಲ್ಲಿ ಒಂದು ಬಾಗಿಲು, ಅದರಲ್ಲಿ ಅಂಗೈಯಗಲ ಗಾಜು. ಇಣುಕಿದೆ. ಒಳಗೆ ತಲೆಯಿಂದ ಕಾಲಿನವರೆಗೆ ಬಿಳಿ ಮುಚ್ಚಿಕೊಂಡವರು, ಕಣ್ಣೊಂದನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಒಬ್ಬರ ಕೈಯಲ್ಲಿ ಸ್ಟೀಲಿನ ಪಾತ್ರೆ, ಅದಕ್ಕೆ ಸಣ್ಣ ಕೊಳವೆಗಳು ಚುಚ್ಚಿದ್ದವು. ಅದನ್ನು ಅಲ್ಲಾಡಿಸುತ್ತಿದ್ದರು. ಒಳಗೆ ಗೋಲಿ ಹಾಕಿರುತ್ತಾರಂತೆ, ಗ್ರಂಥಿ ಬೇಗ ಬಿಡಿಸಿಕೊಳ್ಳಲಿ ಎಂದು, ಆಮೇಲೆ ತಿಳಿಯಿತು. ಆಗ ನನಗೆ ಕೇಳಿಸಿದ್ದು ಗಿಲಕಿಯ ಸದ್ದು. ಕೂಸಿನ ತೊಟ್ಟಿಲ ಮುಂದೆ ಆಡಿಸುವ ಗಿಲಕಿ. ಒಬ್ಬರ ಕೈ ಸೋತರೆ ಇನ್ನೊಬ್ಬರು ತೆಗೆದುಕೊಳ್ಳುತ್ತಿದ್ದರು, ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ.

ಇವಳು ಹುಟ್ಟಿದಾಗ ಗಿಲಕಿ ಆಡಿಸಿದವಳು ನಾನು. ಈಗ ಬೇರೆ ಯಾರೋ ಮುಖವಿಲ್ಲದವರು ಆಡಿಸುತ್ತಿದ್ದರು. ಆ ಕಡೆಯ ಕೋಣೆಯಲ್ಲಿ ಅವಳು, ಈ ಕಡೆಯ ಕೋಣೆಯಲ್ಲೂ ಅವಳೇ. ಈ ಇಬ್ಬರಲ್ಲಿ ಯಾರು ಮಲಗಿದ್ದಾರೆ, ಯಾರು ಎಚ್ಚರವಾಗಿದ್ದಾರೆ ಎಂದು ಒಂದು ಯೋಚನೆ ಬಂತು. ಕೆಟ್ಟ ಯೋಚನೆ. ವಾಪಸ್ ಬಂದು ಕೂತೆ. ಆ ಸದ್ದು ಬೆಂಚಿನವರೆಗೆ ಕೇಳಿಸುವುದು ಸಾಧ್ಯವಿಲ್ಲ. ಆದರೂ ಕೇಳಿಸುತ್ತಲೇ ಇತ್ತು.

ಮಧ್ಯಾಹ್ನ ಕಳೆದ ಮೇಲೆ ಆ ಗಾಜಿನ ಬಾಗಿಲಿನಿಂದ ಒಬ್ಬಳು ಹುಡುಗಿ ಬಂದಳು. ಡಾಕ್ಟರೇ, ಕಣಗಳನ್ನು ಪರೀಕ್ಷೆ ಮಾಡುವವಳು. ಟೋಪಿ ಬಿಗಿದು ಹಣೆಯ ಮೇಲೆ ಗೆರೆ ಬಿದ್ದಿತ್ತು. ಕೈಯಲ್ಲಿ ಫೋನು. ಒಂದು ಚಿತ್ರ ತೋರಿಸಿದಳು. ಮಬ್ಬು ಹಳದಿಯಲ್ಲಿ ದುಂಡು ದುಂಡು ಕೆಂಪು ಕಾಳು, ರಾಗಿ ಎರಚಿದ ಹಾಗೆ.

"ಕೆಂಪಗಿರೋದೇ ನಮಗೆ ಬೇಕಾಗಿರೋದು ಅಜ್ಜಿ. ಬಣ್ಣ ಹಾಕಿದಾಗ ಇನ್ಸುಲಿನ್ ಕಣ ಮಾತ್ರ ಕೆಂಪಾಗುತ್ತೆ."

ಆಮೇಲೆ ಇನ್ನೊಂದು ಚಿತ್ರ. ಕಾರ್ಗತ್ತಲೆ. ಅದರ ನಡುವೆ ಹಸಿರು ಬೆಳಕು ಉರಿಯುತ್ತಿತ್ತು. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವ ಹಸಿರು. ಅಲ್ಲಲ್ಲಿ ಕೆಂಪು ಚುಕ್ಕೆ.

"ಹಸಿರು ಬದುಕಿರೋದು. ಕೆಂಪು ಸತ್ತಿರೋದು."

"ಈಗ ತಾನೇ ಕೆಂಪೇ ಬೇಕು ಅಂದ್ಯಲ್ಲೇ ತಾಯಿ!"

"ಅದು ಬೇರೆ ಬಣ್ಣ ಅಜ್ಜಿ, ಇದು ಬೇರೆ."

"ಒಂದೇ ನಾಲಿಗೇಲಿ ಎರಡು ಹೇಳಬೇಡ."

ಅವಳು ನಕ್ಕು ಫೋನು ಕೆಳಗಿಳಿಸಿದಳು. ಕಲ್ಲು ತುಂಬಿದ ಗ್ರಂಥಿಯಾದ್ದರಿಂದ ಅಂದುಕೊಂಡದ್ದಕ್ಕಿಂತ ಕಡಿಮೆ ಸಿಕ್ಕಿದೆ, ಸಿಕ್ಕಿದ್ದರಲ್ಲಿ ಬಹಳಷ್ಟು ಜೀವ ಇದೆ ಎಂದಳು. ನಾವು ಉಸಿರು ಬಿಟ್ಟೆವು. ಆಗ ಅವಳು, "ಇನ್ನೊಂದು ವಿಷಯ ಇದೆ" ಅಂದಳು.

"ಗ್ರಂಥಿ ಇಟ್ಟಿದ್ದ ನೀರಲ್ಲಿ ಕ್ರಿಮಿ ಕಂಡಿದೆ. ಗ್ರಂಥಿ ಕರುಳಿಗೆ ಅಂಟಿಕೊಂಡಿರುತ್ತಲ್ಲಾ, ಇಂಥವರಲ್ಲಿ ಹೀಗಾಗುತ್ತೆ. ಬೇರೆಯವರಿಂದ ಬಂದದ್ದಾಗಿದ್ರೆ ನಾವು ಹಾಕ್ತಾನೇ ಇರಲಿಲ್ಲ. ಇದು ಅವಳದ್ದೇ. ಔಷಧಿ ಕೊಟ್ಟು ಹಾಕಬಹುದು ಅನ್ನೋದು ನಮ್ಮ ಅಭಿಪ್ರಾಯ. ಆದ್ರೆ ಸೋಂಕು ರಕ್ತಕ್ಕೆ ಹರಡೋ ಭಯ ಇದ್ದೇ ಇದೆ. ಮೊದಲೇ ಒಪ್ಪಿಗೆ ಕೊಟ್ಟಿದ್ದೀರಿ, ಆದ್ರೂ ಇದನ್ನ ಹೇಳದೆ ಹಾಕಬಾರದು. ನೀವು ಏನಂತೀರಿ?"

"ಸುಟ್ಬಿಡಿ" ಅಂದೆ ನಾನು.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು. ಚುಕ್ಕೆ ಕಂಡರೆ ಸುಡಬೇಕು. ಅಷ್ಟು ವರ್ಷ ಕೈಗೆ ಅಭ್ಯಾಸವಾಗಿದ್ದು ಅದು.

ಡಾಕ್ಟರು ಹುಡುಗಿ ಅಳಿಯನ ಕಡೆ ನೋಡಿದಳು. ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಅತ್ತೆ ಹೇಳೋದು ಸರಿ ಅನ್ಸುತ್ತೆ" ಅಂದ. "ಮೂರ್ತಿ ಮುಕ್ಕಾಲು ಮುಗಿದಿರಲಿ, ಒಳಗೊಂದು ಗೆರೆ ಇದೆ ಅಂತ ಗೊತ್ತಾದ್ರೆ ಬಿಟ್ಟುಬಿಡ್ತೀವಿ. ಉಳಿ ತಾಗಿಸಿದಾಗ ಗಂಟೆ ಥರ ಸದ್ದು ಬರಬೇಕು. ಬರದಿದ್ರೆ ಅದು ಸತ್ತ ಕಲ್ಲು. ಅದನ್ನ ಗರ್ಭಗುಡೀಲಿ ಇಡಬಾರದು. ಇಟ್ರೆ ಊರಿಗೇ ಕೇಡು."

ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮಗಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳಕ್ಕೆ ನಿಂತವಳ ಹಾಗೆ ನಿಂತಳು.

"ನೀನು ಹುಳದ ಮಾತು ಹೇಳ್ತೀಯ. ಇವ್ರು ಕಲ್ಲಿನ ಮಾತು ಹೇಳ್ತಾರೆ. ಮೊಟ್ಟೆ ಸುಟ್ರೆ ಕೋಠಿಯವ್ರು ಬೇರೆ ಮೊಟ್ಟೆ ಕೊಡ್ತಾರೆ. ಈ ಕಲ್ಲು ಹೋದ್ರೆ ಇನ್ನೊಂದು ಕಲ್ಲು ಲಾರೀಲಿ ಬರುತ್ತೆ. ಇದಕ್ಕೆ ಬೇರೆ ಎಲ್ಲಿಂದ ತರ್ತೀಯಮ್ಮಾ? ಹೇಳು. ಹೇಳು ನೋಡಾಣ!"



"ಕ್ರಿಮಿ ಇದ್ರೆ ಅವಳ ಹೊಟ್ಟೇಲೇ ಇದ್ದದ್ದು ತಾನೇ? ಇಷ್ಟು ದಿನ ಅದ್ರ ಜೊತೆಗೇ ಬದುಕಿದ್ಲು ತಾನೇ?" ಮಗಳು ಡಾಕ್ಟರ ಕಡೆ ತಿರುಗಿ, "ನನ್ ಮಗಳದ್ದು ನನ್ ಮಗಳಿಗೇ ಹಾಕಿ. ಏನಾದ್ರೂ ಆದ್ರೆ ನನ್ ತಲೆ ಮೇಲೆ" ಅಂದಳು.

ಡಾಕ್ಟರು ಹುಡುಗಿ ತಲೆಯಾಡಿಸಿ ಹೊರಟುಹೋದಳು. ಸ್ವಲ್ಪ ಹೊತ್ತಾದ ಮೇಲೆ ಆ ಗಾಜಿನ ಬಾಗಿಲಿನ ಕೋಣೆಯವರು ನಮ್ಮ ಮುಂದೆ ಹಾದುಹೋದರು. ಈ ಸಲ ಡಬ್ಬಿಯಲ್ಲ, ಒಂದು ಚೀಲ, ಗ್ಲೂಕೋಸ್ ಹಾಕುವಂಥದು. ಒಳಗೆ ಮಬ್ಬುಮಬ್ಬಾದ ನೀರು. ಹಿಡಿದವಳು ಅದನ್ನು ಮೆಲ್ಲಗೆ ಆ ಕಡೆ ಈ ಕಡೆ ಓಲಾಡಿಸುತ್ತಲೇ ನಡೆಯುತ್ತಿದ್ದಳು, ಕಣಗಳು ತಳ ಹಿಡಿಯಬಾರದೆಂದು. ಅಳಿಯ ಮತ್ತೆ ಎದ್ದು ನಿಂತ. ಈ ಸಲ ನಾನೂ ನಿಂತೆ.

ಎರಡನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಅವಳ ಮೂಗಿನಲ್ಲಿ ಕೊಳವೆ, ಕುತ್ತಿಗೆಯಲ್ಲಿ ಕೊಳವೆ. ಬಾಯಿಗೆ ಒಂದು ಹನಿ ನೀರೂ ಹಾಕಿರಲಿಲ್ಲ. ತುಟಿ ಒಡೆದಿತ್ತು. ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು.

"ಅವ್ವಾ, ಯಾಕೆ ಸಕ್ಕರೆ ಹಾಕಿದ್ರಿ?"

"ಯಾರು ಹಾಕಿದ್ರೇ? ಎಲ್ಲಿ?"

"ಬಾಯೆಲ್ಲಾ ಸಿಹಿ. ಗಂಟಲೆಲ್ಲಾ ಸಿಹಿ. ಸಾಕು ಅನ್ನು ಅವ್ವಾ, ಸಾಕು."

ನರ್ಸು, ಅರಿವಳಿಕೆಯ ಮಂಪರು, ಹಾಗೇ ಏನೇನೋ ಅನ್ನುತ್ತಾರೆ ಎಂದಳು. ಸರಿ ಎಂದು ಹೊರಗೆ ಬಂದೆ. ಓಣಿಯಲ್ಲಿ ಆ ಕಣದ ಡಾಕ್ಟರು ಹುಡುಗಿ ಸಿಕ್ಕಳು. ಊಟ ಮಾಡಿರದ ಮುಖ. ಹೇಗಿದ್ದಾಳೆ ಎಂದು ಕೇಳಿದಳು. ನಾನೂ, ನಿನ್ನ ಕೆಲಸ ಮುಗಿಯಿತಾ ಎಂದು ಕೇಳಿದೆ.

"ಇಲ್ಲ ಅಜ್ಜಿ. ಒಂದು ಚಿಟಿಕೆಯಷ್ಟು ಕಣ ಪರೀಕ್ಷೆಗೆ ಅಂತ ಉಳಿಸಿಕೊಂಡಿದ್ದೀವಿ. ಜೀವ ಇದ್ರೆ ಸಾಲದು, ಕೆಲಸ ಮಾಡ್ತವಾ ನೋಡ್ಬೇಕಲ್ಲ. ಈಗ ತಾನೇ ಸಕ್ಕರೆ ನೀರು ಕೊಟ್ಟು ಬಂದೆ. ಸಕ್ಕರೆ ತಾಗಿದ್ರೆ ಇನ್ಸುಲಿನ್ ಬಿಡಬೇಕು. ಬಿಡ್ತಾ ಇವೆ."



"ಇನ್ನೂ ಕೊಡ್ತೀರಾ?" ಅಂದೆ.

"ಕೊಡ್ತೀವಿ, ಆಮೇಲೆ ತೊಳೆದು, ಮತ್ತೊಂದು ಸಲ."

"ಸಾಕು ಅಂತ ಇದ್ದಾಳೆ" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವುದಕ್ಕೆ ನನಗೂ ಬರಲಿಲ್ಲ. ಮುದುಕಿಗೆ ನಿದ್ದೆಯಿಲ್ಲ ಎಂದುಕೊಂಡಿರಬೇಕು. ನನ್ನ ಭುಜ ತಟ್ಟಿ ಹೋದಳು.

ಆ ರಾತ್ರಿಯಿಂದ ಮೊಮ್ಮಗಳಿಗೆ ಜ್ವರ ಹತ್ತಿತು. ಯಾರೂ ನನ್ನ ಮುಖ ನೋಡಲಿಲ್ಲ, ನಾನೂ ಯಾರ ಮುಖವನ್ನೂ ನೋಡಲಿಲ್ಲ. ಹೇಳಿದ್ದೆನಲ್ಲ ಎಂದು ಅನ್ನುವ ಜಾಗ ಅದಲ್ಲ. ಮಗಳು ಅನ್ನ ಮುಟ್ಟಲಿಲ್ಲ. ಅಳಿಯ ಆಸ್ಪತ್ರೆಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತು ಅದನ್ನು ಬೆರಳಿನಿಂದ ತಟ್ಟಿ ತಟ್ಟಿ ಕಿವಿಗೊಡುತ್ತಿದ್ದ. ಔಷಧಿ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಕೊನೆಗೆ ಜ್ವರ ಇಳಿಯಿತು. ರಕ್ತದಲ್ಲಿ ಸೋಂಕು ನೆಲೆಯೂರಲಿಲ್ಲ ಅಂದರು.

ಹಾಗಂತ ನಾನು ಹೇಳಿದ್ದು ತಪ್ಪು ಎಂದು ಇವತ್ತಿಗೂ ಹೇಳುವುದಿಲ್ಲ. ಹುಳಕ್ಕೆ ಅದೇ ಸರಿ. ಮಗಳ ಮಾತು ನಡೆಯಿತು, ಮೊಮ್ಮಗಳು ಬದುಕಿಕೊಂಡಳು, ಒಳ್ಳೆಯದಾಯಿತು.

ಊರಿಗೆ ಬಂದ ಮೇಲೂ ತಿಂಗಳುಗಟ್ಟಲೆ ಸೂಜಿ ಹಾಕಿದರು. ಹೊಸ ಜಾಗದಲ್ಲಿ ಕಣಗಳಿಗೆ ವಿಶ್ರಾಂತಿ ಬೇಕಂತೆ, ಬಂದೊಡನೆ ದುಡಿಸಬಾರದಂತೆ. ಸೊಸೆಯನ್ನು ಮನೆ ತುಂಬಿಸಿಕೊಂಡರೂ ನಾವು ಅಷ್ಟು ನಯ ಮಾಡುವುದಿಲ್ಲ. ಆಮೇಲೆ ಒಂದು ದಿನ ಆಸ್ಪತ್ರೆಗೆ ಕರೆಸಿ, ಸಿಹಿಯಾದ ಹಾಲಿನಂಥದ್ದನ್ನು ಕುಡಿಸಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ರಕ್ತ ತೆಗೆದು ನೋಡಿದರು. ಲಿವರ್‌ನಲ್ಲಿ ಕೂತವು ಉತ್ತರ ಕೊಡುತ್ತಿವೆ ಎಂದರು. ಪೂರ್ತಿ ಅಲ್ಲ. ಈಗ ಒಂದು ಸಣ್ಣ ಸೂಜಿ ಇದೆ, ಅಷ್ಟೇ. ಹೊಟ್ಟೆನೋವು ಹೋಯಿತು. ಮಲಗಿದವಳು ಏಳುತ್ತಾಳೆ. ಮತ್ತೆ ಕಂಪನಿ ಬಸ್ಸು ಹತ್ತುತ್ತಾಳೆ.

ಮೊನ್ನೆ ರಜೆಯಲ್ಲಿ ನನ್ನ ಹತ್ತಿರ ಬಂದಿದ್ದಳು. ನಾನು ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದೆ. ಎದುರಿಗೆ ಕೂತು ಸುಮ್ಮನೆ ನೋಡುತ್ತಿದ್ದವಳು, "ಅವ್ವಾ, ಆವತ್ತು ನೀನು ಸುಟ್ಬಿಡಿ ಅಂದ್ಯಲ್ಲ" ಅಂದಳು.

"ಅಂದೆ" ಅಂದೆ. ಅಂದದ್ದನ್ನು ಇಲ್ಲ ಅನ್ನುವುದು ನನಗೆ ಗೊತ್ತಿಲ್ಲ. "ನಿಮ್ಮಮ್ಮನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ."

"ಅಮ್ಮ ಹೇಳಿಲ್ಲ."

"ನಿಮ್ಮಪ್ಪನಾ?"

"ಅಪ್ಪ ಏನಾದ್ರೂ ಯಾವತ್ತಾದ್ರೂ ಹೇಳಿದ್ದುಂಟಾ ಅವ್ವಾ?"

ಕುಡುಗೋಲು ಕೆಳಗಿಟ್ಟೆ. ಆ ಹೊತ್ತಿನಲ್ಲಿ ಇವಳು ಹೊಟ್ಟೆ ತೆರೆದುಕೊಂಡು, ಜ್ಞಾನವಿಲ್ಲದೆ, ಬೇರೆ ಕೋಣೆಯಲ್ಲಿ ಮಲಗಿದ್ದವಳು. ಆಮೇಲೆ ಮಗಳನ್ನು ಫೋನಿನಲ್ಲಿ ಕೇಳಿದೆ, ಅಳಿಯನನ್ನೂ ಕೇಳಿದೆ. ಇಬ್ಬರೂ ತಾವು ಹೇಳಿಲ್ಲ ಅಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಕಣದ ಡಾಕ್ಟರು ಹುಡುಗಿಯಂತೂ ಇವಳನ್ನು ಕಂಡು ಮಾತಾಡಿದವಳೇ ಅಲ್ಲ. ಆದರೆ ಅದು ಆಮೇಲಿನ ಮಾತು.

"ನನ್ನ ಮೇಲೆ ಕೋಪನಾ?" ಅಂದೆ.

"ನಂಗೆ ಕೋಪ ಇಲ್ಲವ್ವಾ" ಅಂದಳು. ಅಂದು, ಬಲಗಡೆ ಪಕ್ಕೆಯ ಕೆಳಗೆ, ಲಿವರ್ ಇರುವಲ್ಲಿ, ಕೈಯಿಟ್ಟುಕೊಂಡು, "ಇವಕ್ಕೆ ಹೆಂಗೋ ಗೊತ್ತಿಲ್ಲ" ಅಂದಳು.

ತಮಾಷೆಗೆ ಅಂದಳೋ ಏನೋ. ಮುಖದಲ್ಲಿ ತಮಾಷೆ ಇರಲಿಲ್ಲ. ನನಗೆ ಸಿಟ್ಟು ಬಂತು. ಅವಳ ಪಕ್ಕೆಯನ್ನೇ ನೋಡುತ್ತಾ, ಜೋರಾಗಿಯೇ ಹೇಳಿದೆ: "ಹೂಂ, ಅಂದಿದ್ದೆ. ಚುಕ್ಕೆ ಕಂಡ್ರೆ ಯಾರಾದ್ರೂ ಅಂತಾರೆ. ಈಗ ಬದುಕ್ಕೊಂಡಿದ್ದೀರಲ್ಲ, ನನ್ ಮೇಲೆ ಹಟ ಸಾಧಿಸ್ತಾ ಕೂರಬೇಡಿ. ತೆಪ್ಪಗೆ ನಿಮ್ ಕೆಲಸ ನೋಡ್ಕೊಳಿ."

ಮೊಮ್ಮಗಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಕೈ ಅಲ್ಲೇ ಇಟ್ಟುಕೊಂಡು, ತಲೆ ಸ್ವಲ್ಪ ಬಾಗಿಸಿ, ಯಾರದೋ ಮಾತಿಗೆ ಕಿವಿಗೊಟ್ಟವಳ ಹಾಗೆ ಕೂತಿದ್ದಳು.

ಆಮೇಲೆ ತಲೆ ಎತ್ತಿ, "ಸರಿಯಂತೆ" ಅಂದಳು.